ಕೆಳಗೆ ಹಿಡಿಸದ ಸ್ಟೆಪ್ನಿಯನ್ನು ತುರುಕಿಸಿಕೊಳ್ಳಬೇಡಿ

ಗಾಡಿಗೆ ದೊಡ್ಡ ಟೈರ್ ಹಾಕಿಸುವ ಯೋಚನೆ ಇದೆಯಾ? ಅದರಲ್ಲೂ ಸ್ಕಾರ್ಪಿಯೊ, ಫಾರ್ಚೂನರ್ ಥರ ಸ್ಟೆಪ್ನಿ (ಪಂಕ್ಚರ್ ಆದರೆ ಹಾಕಿಕೊಳ್ಳುವ ಐದನೇ ಚಕ್ರ) ಹಿಂದುಗಡೆ ಕೆಳಗೆ ತೂಗುವ ಗಾಡಿ ನಿಮ್ಮದಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಥಾರ್‌ನಲ್ಲಿ ಸ್ಟೆಪ್ನಿ ಹಿಂಬಾಗಿಲಿಗೆ ಇರುತ್ತದೆ, ಅವರಿಗೆ ಈ ತಾಪತ್ರಯ ಇಲ್ಲ.

ನಮ್ಮ ತೋಟ ಹೊಸದುರ್ಗದ ಕಡೆ. ಮಳೆಗಾಲದಲ್ಲಿ ದಾರಿ ಪೂರ್ತಿ ಕೆಸರು, ಬೇಸಿಗೆಯಲ್ಲಿ ಬರೀ ಕಲ್ಲು. ಅದಕ್ಕೇ ದಾವಣಗೆರೆಯ ಒಂದು ಅಂಗಡಿಯಲ್ಲಿ ಸಸ್ಪೆನ್ಷನ್ ಎತ್ತರಿಸಿ, ಟೈರ್, ಅಲಾಯ್ ರಿಮ್ ಎರಡನ್ನೂ ಬದಲಾಯಿಸಿದೆವು. ಮೊದಲಿದ್ದದ್ದು 235/65 ಆರ್17, ಹಾಕಿಸಿದ್ದು 265/70 ಆರ್17. ಲೆಕ್ಕ ಹಾಕಿದರೆ ಹಳೇ ಟೈರಿನ ಎತ್ತರ ಸುಮಾರು 737 ಮಿ.ಮೀ., ಹೊಸದರದ್ದು 803. ಅಗಲವೂ 30 ಮಿ.ಮೀ. ಜಾಸ್ತಿ. ನಾಲ್ಕು ಚಕ್ರಕ್ಕೆ ಜಾಗ ಇತ್ತು. ಐದನೆಯದಕ್ಕೆ ಇರಲಿಲ್ಲ.

ಅಂಗಡಿಯವರು ಅದನ್ನು ನಮಗೆ ಹೇಳಲೇ ಇಲ್ಲ. ಸ್ಟೆಪ್ನಿಯ ಗಾಳಿ ಅರ್ಧಕ್ಕರ್ಧ ಬಿಟ್ಟು, ಕಾಲಲ್ಲಿ ಒದ್ದು ಬಂಪರ್ ಹಿಂದೆ ತೂರಿಸಿ, ಹ್ಯಾಂಡಲ್ ತಿರುಗಿಸಿ, ಸ್ಟೆಪ್ನಿಯನ್ನು ತೂಗಿ ಹಿಡಿಯುವ ಕೇಬಲ್‌ನಿಂದ ಮೇಲಕ್ಕೆ ಎಳೆದು ಕೂರಿಸಿದರು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇತ್ತು. ಕೇಳಿದರೆ, "ಏನೂ ಆಗಲ್ಲ ಬಿಡ್ರಿ ಸಾರ್, ಟೈಟಾಗಿ ಕೂತೈತಿ" ಅಂದರು.

ಕೆಲವು ವಾರ ಏನೂ ಆಗಲಿಲ್ಲ. ಒಂದು ಸಂಜೆ ತೋಟದಿಂದ ವಾಪಸ್ ಬರುವಾಗ, ಚಿತ್ರದುರ್ಗ ದಾಟಿ ಹೈವೇಯಲ್ಲಿ ಭರಮಸಾಗರದ ಹತ್ತಿರ ಗಾಡಿ ಕೆಳಗೆ ದಡ್ ಅಂತ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಸ್ಟೆಪ್ನಿ ನಮ್ಮ ಹಿಂದೆಯೇ ಉರುಳಿಕೊಂಡು ಬರುತ್ತಿತ್ತು. ರಿಮ್ ಸಮೇತ ಮೂವತ್ತು ಕೆಜಿಗೂ ಜಾಸ್ತಿ ತೂಕ ಅದು. ಹಿಂದೆ ಬೈಕಿನಲ್ಲಿ ಗಂಡ ಹೆಂಡತಿ. ಆತ ಹೇಗೋ ಎಡಕ್ಕೆ ಎಳೆದುಕೊಂಡು ಮಣ್ಣಿಗೆ ಇಳಿಸಿದರು. ಟೈರು ಹೋಗಿ ಡಿವೈಡರ್‌ಗೆ ಬಡಿದು ಬಿತ್ತು. ನಾವು ಓಡಿ ಹೋದರೆ ಆತ ಬೈಯಲೂ ಇಲ್ಲ. ಕೈ ನಡುಗುತ್ತಿತ್ತು. "ಟ್ಯಾಂಕ್ ಮೇಲೆ ಮಗು ಕೂತೈತಲ್ರೀ" ಅಂತ ಅಷ್ಟೇ ಅಂದರು. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ನೋಡಿದೆವು. ತುಂಡಾದ ಕೇಬಲ್ ನೇತಾಡುತ್ತಿತ್ತು, ತುದಿ ಪೊರಕೆ ಕಡ್ಡಿ ಥರ ಕೆದರಿತ್ತು. ಬಹುಪಾಲು ಎಳೆಗಳು ತುಕ್ಕು ಹಿಡಿದಿದ್ದವು. ಎರಡು ಮೂರು ಎಳೆ ಮಾತ್ರ ಹೊಳೆಯುತ್ತಿದ್ದವು. ಅಂದರೆ ಉಳಿದವು ಎಂದೋ ಕಡಿದಿದ್ದವು, ಈ ಎರಡು ಮೂರು ಎಳೆಯ ಮೇಲೆಯೇ ಅಷ್ಟು ಭಾರ ನಿಂತಿತ್ತು.

ಇದು ಯಾಕಾಗುತ್ತದೆ ಅಂತ ನಂಬಿಕೆಯ ಮೆಕ್ಯಾನಿಕ್ ಒಬ್ಬರು ಗಾಡಿ ಎತ್ತಿ ತೋರಿಸಿದರು. ಸ್ಟೆಪ್ನಿ ನಿಲ್ಲುವುದು ಬರೀ ಕೇಬಲ್ ಬಲದಿಂದ ಅಲ್ಲ. ಕೇಬಲ್ ತುದಿಯ ಪ್ಲೇಟು ರಿಮ್ಮಿನ ನಡುವಿನ ತೂತಿನಲ್ಲಿ ಸರಿಯಾಗಿ ಕೂತು, ಚಕ್ರ ಮೇಲಿನ ಆಸರೆಗೆ ಸುತ್ತಲೂ ಸಮನಾಗಿ ಒತ್ತಿಕೊಳ್ಳಬೇಕು. ಆಗ ಅಲುಗಾಟ ಇರುವುದಿಲ್ಲ, ಕೇಬಲ್ ಸವೆಯುವುದಿಲ್ಲ. ದೊಡ್ಡ ಟೈರು ಅಲ್ಲಿಗೆ ತಲುಪುವ ಮೊದಲೇ ಬಂಪರ್‌ಗೋ ಚಾಸಿಗೋ ಸಿಕ್ಕಿಕೊಳ್ಳುತ್ತದೆ. ಹ್ಯಾಂಡಲ್ ಬಿಗಿಯಾದಾಗ ಕೂತಿದೆ ಅನ್ನಿಸುತ್ತದೆ, ಆದರೆ ಬಿಗಿಯಾಗಿರುವುದು ಒತ್ತಿದ ರಬ್ಬರ್ ಅಷ್ಟೇ. ನಾಲ್ಕು ಗುಂಡಿ ಹಾರಿಸಿದರೆ ಅದು ಜಗ್ಗಿ ಸಡಿಲ ಆಗುತ್ತದೆ. ಅಲ್ಲಿಂದ ಪ್ರತಿ ಕುಲುಕಾಟಕ್ಕೂ ಕೇಬಲ್ ಉಜ್ಜುತ್ತದೆ. ಹೊರಗಿನ ಅಲಾಯ್ ಆದರೆ ನಡುವಿನ ತೂತೇ ದೊಡ್ಡದಿರಬಹುದು. ಆಗ ಪ್ಲೇಟು ವಾಲುತ್ತದೆ. ನಮ್ಮದರಲ್ಲಿ ಎರಡೂ ಆಗಿತ್ತು.

ಟೈರು ಬೀಳದೇ ಇದ್ದಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ. ಸೈಲೆನ್ಸರ್ ಪೈಪಿಗೆ ತಾಗಿಕೊಂಡಿದ್ದ ಕಡೆ ಸೈಡ್‌ವಾಲ್ ಬಿಸಿಗೆ ಗಡುಸಾಗಿ ಸೀಳು ಬಿಟ್ಟಿತ್ತು. ಗಾಳಿಯೂ ಅರ್ಧ. ತೋಟದ ದಾರಿಯಲ್ಲಿ ಪಂಕ್ಚರ್ ಆಗಿದ್ದರೆ ಕಂಪ್ರೆಸರ್ ಎಲ್ಲಿಂದ ತರುವುದು? ಹಿಂದೆ ಅಷ್ಟು ಕೆಳಗೆ ಜೋತುಬಿದ್ದರೆ ಹಳ್ಳ ಹತ್ತುವಾಗ ಮೊದಲು ನೆಲಕ್ಕೆ ತಾಗುವುದೂ ಅದೇ. ಕೆಸರಿನ ದಾರಿಗೆ ಅಂತಲೇ ಎತ್ತರಿಸಿದ ಗಾಡಿಗೆ ಇದಕ್ಕಿಂತ ಅನ್ಯಾಯ ಏನಿದೆ?

ಅಂಗಡಿಯವರು ಹೊಸ ಕೇಬಲ್ ಹಾಕಿ ಮತ್ತೆ ಅಲ್ಲಿಗೇ ಕಟ್ಟಿಕೊಡುತ್ತೇವೆ ಅಂದರು. ಮೇಲಿಂದ ಒಂದು ನೈಲಾನ್ ಬೆಲ್ಟು ಕೊಡುತ್ತಾರಂತೆ. ಬೇಡ ಅಂತ ಬಂದೆವು.

ದೊಡ್ಡ ಟೈರ್ ಬೇಕೇ ಬೇಕು ಅಂದರೆ, ದುಡ್ಡು ಕೊಡುವ ಮೊದಲೇ ಆ ಅಳತೆಯ ಒಂದು ಚಕ್ರವನ್ನು ಪೂರ್ತಿ ಗಾಳಿ ಹಾಕಿ ಕೆಳಗೆ ಕೂರಿಸಿ ತೋರಿಸಿ ಅನ್ನಿ. ಕೂರದಿದ್ದರೆ ಹಿಂದಿನ ಡಿಕ್ಕಿಯಲ್ಲಿ ಮಲಗಿಸಿ ಬಿಗಿಯಾಗಿ ಕಟ್ಟಿ. ಜಾಗ ಹೋಗುತ್ತದೆ, ಹೋಗಲಿ. ಇಲ್ಲವೇ ಕಂಪನಿ ಅಳತೆಯ ಹಳೇ ಚಕ್ರವನ್ನೇ ಕೆಳಗೆ ಬಿಡಿ. ಆದರೆ ಅದರ ಬೋಲ್ಟು, ನಟ್ಟು ಹೊಸ ಅಲಾಯ್‌ನವಕ್ಕಿಂತ ಬೇರೆಯಾ ಅಂತ ಮೊದಲೇ ನೋಡಿಕೊಳ್ಳಿ. ಎತ್ತರದಲ್ಲಿ ವ್ಯತ್ಯಾಸ ಇರುವುದರಿಂದ ಅದನ್ನು ಹಾಕಿಕೊಂಡು ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಮಾತ್ರ ಹೋಗಿ. ಆಗ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವುದು) ಹಾಕಲೇಬೇಡಿ, ಗೇರ್ ಭಾಗಗಳು ಹಾಳಾಗುತ್ತವೆ. ಇನ್ನೊಂದು ವಿಷಯ, ನಾವು ಹಾಕಿಸಿದ ದೊಡ್ಡ ಟೈರಿನ ಅಳತೆಯಲ್ಲಿ ಮೀಟರ್ 80 ತೋರಿಸುವಾಗ ನಿಜವಾದ ವೇಗ 87ರ ಹತ್ತಿರ ಇರುತ್ತದೆ.

ಕಾನೂನನ್ನೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತ ಆದರೆ ವಿಮೆಯವರು ಇದನ್ನೇ ಎತ್ತಬಹುದು.

ಈಗಾಗಲೇ ಹೀಗೆ ಕಟ್ಟಿಸಿಕೊಂಡು ಓಡಾಡುತ್ತಿರುವವರು ಇವತ್ತೇ ಗಾಡಿ ಕೆಳಗೆ ಬಗ್ಗಿ, ಎರಡೂ ಕೈಯಲ್ಲಿ ಸ್ಟೆಪ್ನಿ ಹಿಡಿದು ಜೋರಾಗಿ ಅಲ್ಲಾಡಿಸಿ. ಸ್ವಲ್ಪ ಅಲುಗಿದರೂ ಇಳಿಸಿ ಒಳಗೆ ಹಾಕಿಕೊಳ್ಳಿ. ಹೈವೇಗೆ ಆಮೇಲೆ ಹೋಗಿ.