ಮೈಸೂರಿನ ಮುಕ್ತ ವಿ.ವಿ.ಯೋ, ಇಗ್ನೋವೋ? ಎರಡರಲ್ಲೂ ಓದಿದವಳ ಹೋಲಿಕೆ

ನಮ್ಮ ತೋಟದಲ್ಲಿ ರೊಬಸ್ಟಾ ಕೊಯ್ಲು ಜನವರಿಯಲ್ಲಿ ಶುರುವಾದರೆ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಜೂನ್ ಪರೀಕ್ಷೆ ಬರೆಯುವವರು ಇಗ್ನೋಗೆ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿ.ವಿ.) ಅಸೈನ್‌ಮೆಂಟ್ ಒಪ್ಪಿಸಬೇಕಾದದ್ದೂ ಸಾಮಾನ್ಯವಾಗಿ ಮಾರ್ಚ್ ಕೊನೆಗೇ. ಪರೀಕ್ಷೆಗೆ ಹೊರಡುವಾಗ ಮಳೆ ಹಿಡಿದಿರುತ್ತದೆ. ಡಿಸೆಂಬರ್‌ನಲ್ಲಿ ಬರೆಯೋಣ ಅಂದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ. ಮನೆಯಲ್ಲಿದ್ದುಕೊಂಡು ಡಿಗ್ರಿ ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ. ಆ ಓದನ್ನು ವರ್ಷದ ಯಾವ ತಿಂಗಳಲ್ಲಿ ಕೂರಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ನಾನು ಕೊಡಗಿನ ಪೊನ್ನಂಪೇಟೆ ಹತ್ತಿರದವಳು. ಮದುವೆಯಾದ ಮೇಲೆ, 2008ರಲ್ಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿದೆ. ಕನ್ನಡ ಮತ್ತು ಇತಿಹಾಸ ನನ್ನ ಇಷ್ಟದ ವಿಷಯಗಳು. ಅದು ಮುಗಿದು ಹತ್ತು ವರ್ಷ ಓದು ನಿಂತಿತ್ತು. 2021ರಲ್ಲಿ ಇಗ್ನೋದಲ್ಲಿ ಇತಿಹಾಸ ಎಂ.ಎ.ಗೆ ಸೇರಿ ಮೂರು ವರ್ಷದಲ್ಲಿ ಮುಗಿಸಿದೆ. ಈಗ ಪಕ್ಕದ ತೋಟದ ಲೈನ್‌ಮನೆಯ ಹುಡುಗಿ ಪಿಯುಸಿ ಮುಗಿಸಿ ಗೋಣಿಕೊಪ್ಪದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಹೋದ ಭಾನುವಾರ ಬಂದು, "ಅಕ್ಕ, ನನಗೆ ಬಿ.ಎ. ಮಾಡಬೇಕು. ಯಾವುದಕ್ಕೆ ಸೇರಲಿ?" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಭಾಷೆ. ನಮ್ಮ ಮನೆಯಲ್ಲಿ ಆಡುವುದು ಕೊಡವ ತಕ್ಕ್. ಶಾಲೆಯಲ್ಲಿ ಓದಿದ್ದು ಕನ್ನಡ. ಮೈಸೂರಿನವರ ಪುಸ್ತಕಗಳು ಕನ್ನಡದಲ್ಲೇ ಸಿಕ್ಕವು, ಉತ್ತರವನ್ನೂ ಕನ್ನಡದಲ್ಲೇ ಬರೆದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದನ್ನು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಬಿ.ಎ. ಓದುವಾಗ ಅದು ಯಾಕಾಯಿತು, ಹೇಗಾಯಿತು ಅಂತ ಕನ್ನಡದಲ್ಲಿ ವಾದ ಕಟ್ಟಿ ಬರೆಯುವುದನ್ನು ಕಲಿತೆ. ಇಗ್ನೋದ ಎಂ.ಎ. ಪುಸ್ತಕಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಮೊದಲ ನಾಲ್ಕು ತಿಂಗಳು ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಡಿಕ್ಷನರಿ ಮಡಿಲಲ್ಲೇ ಇರುತ್ತಿತ್ತು. ನನಗೆ ಆಗ ಮೂವತ್ತು ದಾಟಿತ್ತು, ಹಟ ಇತ್ತು, ದಾಟಿಕೊಂಡೆ. ಹದಿನೆಂಟರ ಹುಡುಗಿ ದಿನವಿಡೀ ಅಂಗಡಿಯಲ್ಲಿ ನಿಂತು ಬಂದು ಅಷ್ಟು ಹೆಣಗಬೇಕಾ? ಅವಳು ಮೊದಲ ವರ್ಷವೇ ಬಿಟ್ಟುಬಿಡಬಹುದು ಅನ್ನುವ ಭಯ ನನಗೆ.

ಹಾಗಂತ ಕನ್ನಡದಲ್ಲಿ ಓದಿದರೆ ಎಲ್ಲ ಸುಲಭ ಅಂತಲ್ಲ. ಹಳಗನ್ನಡದ ಪುಸ್ತಕ ಕೈಗೆ ಬಂದಾಗ ನಾನು ಅತ್ತಿದ್ದೇನೆ. ಛಂದಸ್ಸನ್ನು ಪುಸ್ತಕ ನೋಡಿ ಒಬ್ಬಳೇ ಕಲಿಯುವುದು ತುಂಬಾ ಕಷ್ಟ. ಕಂದಪದ್ಯದ ಲೆಕ್ಕ ಬಾಯಿಪಾಠ ಆಗಿತ್ತು: ಒಂದು ಮತ್ತು ಮೂರನೇ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಎರಡು ಮತ್ತು ನಾಲ್ಕನೇ ಸಾಲಿಗೆ ಐದು ಗಣ, ಒಟ್ಟು 64 ಮಾತ್ರೆ. ಆದರೆ ಪ್ರಸ್ತಾರ ಹಾಕಲು, ಅಂದರೆ ಅಕ್ಷರಗಳಿಗೆ ಗುರು-ಲಘು ಗುರುತು ಹಾಕಲು, ಕೂತರೆ ಒಂದೊಂದು ಸಲ 61 ಬರುತ್ತಿತ್ತು, ಒಂದೊಂದು ಸಲ 66. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತದೆ ಅನ್ನುವುದು ಓದುವಾಗ ಗೊತ್ತಿರುತ್ತದೆ, ಹಾಕುವಾಗ ಕೈತಪ್ಪುತ್ತದೆ. ಕೊನೆಗೆ ಪೊನ್ನಂಪೇಟೆಯಲ್ಲಿದ್ದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಮನೆಗೆ ಹೋದೆ. "ಕಣ್ಣಲ್ಲಿ ಓದಬೇಡಮ್ಮ, ಬಾಯಿ ಬಿಟ್ಟು ಓದು" ಅಂದರು. ಅವರೇ ಒಂದು ಪದ್ಯ ಓದಿ ತೋರಿಸಿದರು. ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಅಂತ ಕಿವಿಗೆ ಬಿದ್ದ ಮೇಲೆ ಲೆಕ್ಕ ತಾನಾಗಿ ಕೂತಿತು. ಆರು ವಾರ, ವಾರಕ್ಕೊಂದು ದಿನ ಹೋದೆ. ನಾನು ಪಾಸಾದದ್ದು ಆ ಆರು ದಿನಗಳಿಂದ.

ಸಂಪರ್ಕ ತರಗತಿಗಳನ್ನು ಯಾರೂ ತಪ್ಪಿಸಬಾರದು ಅಂತ ನಾನು ಹೇಳುವುದೂ ಇದಕ್ಕೇ. ಆಗ ಬೆಳಿಗ್ಗೆ ಮೊದಲ ಬಸ್ಸು ಹತ್ತಿ, ತಿತಿಮತಿ, ಆನೆಚೌಕೂರು, ಹುಣಸೂರು ದಾಟಿ ಮೈಸೂರು ಸೇರುತ್ತಿದ್ದೆ. ಮೈಸೂರು ವಿ.ವಿ.ಯ ಮಾನಸಗಂಗೋತ್ರಿಯ ಪಕ್ಕದಲ್ಲೇ ಮುಕ್ತ ವಿ.ವಿ.ಯ ಆವರಣ, ಮುಕ್ತಗಂಗೋತ್ರಿ. ಅಲ್ಲಿ ನನ್ನ ಜೊತೆ ಕೂತಿದ್ದವರಲ್ಲಿ ಬಸ್ ಕಂಡಕ್ಟರ್ ಇದ್ದರು, ಅಂಗನವಾಡಿ ಟೀಚರ್ ಇದ್ದರು, ಮೊಮ್ಮಕ್ಕಳನ್ನು ಕಂಡ ಒಬ್ಬ ಅಜ್ಜಿಯೂ ಇದ್ದರು. ಮನೆಯಲ್ಲಿ ಒಬ್ಬಳೇ ಓದುವಾಗ ಬಾರದ ಧೈರ್ಯ ಅಲ್ಲಿ ಬರುತ್ತಿತ್ತು. ನಮ್ಮ ಮಾವನ ಕಾಲದವರು ಇದನ್ನು ಇವತ್ತಿಗೂ "ಅಂಚೆ ತೆರಪಿನ ಶಿಕ್ಷಣ" ಅಂತಲೇ ಕರೆಯುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ ಅದನ್ನು 1969ರಲ್ಲಿ ಶುರು ಮಾಡಿತ್ತು. 1996ರಲ್ಲಿ ಮುಕ್ತ ವಿ.ವಿ. ಬಂತು.

ಇನ್ನು ಇಗ್ನೋ. ಒಬ್ಬಳೇ ಕೂತು ಓದುವವರಿಗೆ ಅಂತಲೇ ಬರೆದ ಪುಸ್ತಕಗಳು ಅವು. ಮಧ್ಯೆ ಮಧ್ಯೆ ನಿಲ್ಲಿಸಿ ನಮ್ಮನ್ನೇ ಪ್ರಶ್ನೆ ಕೇಳುತ್ತವೆ, ಯೂನಿಟ್ ಕೊನೆಯಲ್ಲಿ ಉತ್ತರದ ದಾರಿಯೂ ಇರುತ್ತದೆ. ಇಗ್ನೋದ ಇ-ಜ್ಞಾನಕೋಶ ಅನ್ನುವ ಜಾಲತಾಣದಲ್ಲಿ ಎಲ್ಲವೂ ಪುಕ್ಕಟೆ ಸಿಗುವುದರಿಂದ ಸೇರುವ ಮುಂಚೆಯೇ ಒಂದೆರಡು ಯೂನಿಟ್ ಓದಿ ನೋಡಬಹುದು. ದಯವಿಟ್ಟು ಹಾಗೆ ಮಾಡಿ. ಅಚ್ಚಿನ ಪುಸ್ತಕ ಬೇಡ, ಫೋನಿನಲ್ಲೇ ಓದುತ್ತೇನೆ ಅಂದರೆ ಶುಲ್ಕದಲ್ಲಿ ನೂರಕ್ಕೆ 15 ಕಡಿಮೆಯಾಗುತ್ತದೆ. ನಾನು ಅಚ್ಚಿನದ್ದನ್ನೇ ತೆಗೆದುಕೊಂಡೆ. ಜುಲೈ ಮಳೆಗೆ ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಫೋನನ್ನು ನಂಬಿ ಪರೀಕ್ಷೆಗೆ ಓದುವುದು ಆಗದ ಮಾತು.

ಅಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. 8 ಕ್ರೆಡಿಟ್‌ನ ಒಂದು ಪತ್ರಕ್ಕೆ 240 ಗಂಟೆ. ಸೇರುವಾಗ ಈ ಲೆಕ್ಕ ಜಾಸ್ತಿ ಅನ್ನಿಸಿತ್ತು, ಓದಿದ ಮೇಲೆ ಸರಿ ಅನ್ನಿಸಿತು. ಅಸೈನ್‌ಮೆಂಟಿಗೆ ನೂರಕ್ಕೆ 30, ಪರೀಕ್ಷೆಗೆ 70. ನನ್ನ ಪತ್ರಗಳಲ್ಲಿ ಒಂದೊಂದಕ್ಕೂ ಐದು ಪ್ರಶ್ನೆ, ಪ್ರತಿ ಉತ್ತರ ಸುಮಾರು 500 ಪದ, ಎಲ್ಲ ಕೈಬರಹದಲ್ಲಿ. ಕೈ ನೋಯುತ್ತದೆ ನಿಜ. ಆದರೆ ಇಂಗ್ಲಿಷ್‌ನಲ್ಲಿ ಬರೆಯುವ ಅಭ್ಯಾಸ ನನಗಾದದ್ದು ಅಲ್ಲೇ.

ನನಗೆ ತುಂಬಾ ಹಿಡಿಸಿದ್ದು ಭಾರತದ ಪರಿಸರದ ಇತಿಹಾಸದ ಪತ್ರ. 1865ರ ಅರಣ್ಯ ಕಾಯ್ದೆ, 1878ರ ಕಾಯ್ದೆ, ಕಾಡು ಸರ್ಕಾರದ ಆಸ್ತಿಯಾದ ಕತೆ. ಓದುತ್ತಾ ತಲೆ ಎತ್ತಿದರೆ ಕಿಟಕಿಯ ಆಚೆ ನಮ್ಮ ಊರಿನ ದೇವರಕಾಡು. ಕೊಡಗಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ. ಊರಿನವರು ಭಕ್ತಿಯಿಂದ ಕಾಯ್ದುಕೊಂಡ ಕಾಡು ಒಂದು ಕಡೆ, ಕಾಯ್ದೆ ಗೆರೆ ಎಳೆದ ಕಾಡು ಇನ್ನೊಂದು ಕಡೆ. ಅದನ್ನೇ ಅಸೈನ್‌ಮೆಂಟಿನಲ್ಲಿ ಉದಾಹರಣೆಯಾಗಿ ಬರೆದೆ. ಪುಸ್ತಕದಲ್ಲಿಲ್ಲದ ಒಂದು ಮಾತನ್ನು ನಾನೇ ಸೇರಿಸಿ ಬರೆದದ್ದು ಅದೇ ಮೊದಲು. ಆ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಕ್ಯಾಲೆಂಡರಿನ ವಿಷಯದಲ್ಲಿ ಗೆದ್ದದ್ದು ಇಗ್ನೋ. ಬಿ.ಎ. ಓದುವಾಗ ನನಗೆ ವರ್ಷಕ್ಕೊಂದು ಪರೀಕ್ಷೆ, ಎಲ್ಲ ಪತ್ರ ಒಟ್ಟಿಗೆ. ಎಂ.ಎ.ಯಲ್ಲಿ ಜೂನ್‌ಗೆ ಎಷ್ಟು ಪತ್ರ, ಡಿಸೆಂಬರ್‌ಗೆ ಎಷ್ಟು ಅಂತ ನಾವೇ ಹಂಚಿಕೊಳ್ಳಬಹುದು. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೂ ಎಳೆಯಲು ಅವಕಾಶವಿದೆ. ಮೊದಲ ವರ್ಷ ಕೊಯ್ಲಿನ ಜೊತೆ ಅಸೈನ್‌ಮೆಂಟ್ ಬರೆದು ಸಾಕಾಗಿತ್ತು. ಎರಡನೇ ವರ್ಷದಿಂದ ಹೆಚ್ಚಿನ ಪತ್ರಗಳನ್ನು ಡಿಸೆಂಬರ್‌ಗೆ ಇಟ್ಟುಕೊಂಡೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಗಾಲ) ತೋಟಕ್ಕೆ ಇಳಿಯಲು ಆಗುವುದಿಲ್ಲ, ನಮಗೆ ಗದ್ದೆಯೂ ಕಡಿಮೆ. ಒಲೆಯ ಹತ್ತಿರ ಕೂತು ಬರೆದರೆ ಕೈಲ್‌ಪೊಳ್ದ್ ಹಬ್ಬಕ್ಕೆ (ಸೆಪ್ಟೆಂಬರ್ ಮೊದಲ ವಾರ) ಮುಂಚೆ ಎಲ್ಲ ಮುಗಿಯುತ್ತಿತ್ತು. ಸೆಪ್ಟೆಂಬರ್ ಕೊನೆಯ ಗಡುವಿಗೆ ಧಾರಾಳ ಸಮಯ.

ಮಾನ್ಯತೆಯ ಬಗ್ಗೆ ಒಂದು ಮಾತು. ಮೈಸೂರಿನ ಮುಕ್ತ ವಿ.ವಿ.ಗೆ 2012-13ರ ನಂತರ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ, 2018-19ರಿಂದ ಮತ್ತೆ ಸಿಕ್ಕಿತು. ಹಳೆಯ ಸುದ್ದಿ ಕೇಳಿ ಇವತ್ತಿಗೂ ಹೆದರುವವರಿದ್ದಾರೆ. ಯಾವ ವಿ.ವಿ. ಆದರೂ ಆ ವರ್ಷದ ಯುಜಿಸಿ ದೂರಶಿಕ್ಷಣ ಪಟ್ಟಿಯಲ್ಲಿ ಹೆಸರು ನೋಡಿಯೇ ದುಡ್ಡು ಕಟ್ಟಿ. 2024ರಿಂದ ವಿದ್ಯಾರ್ಥಿಗಳೇ ಯುಜಿಸಿ ದೂರಶಿಕ್ಷಣ ವಿಭಾಗದ ಡಿಇಬಿ ಐಡಿ ಮಾಡಿಸಿಕೊಳ್ಳಬೇಕು, ಅದಕ್ಕೆ ಎಬಿಸಿ ಐಡಿ (ಗಳಿಸಿದ ಕ್ರೆಡಿಟ್ ಕೂಡಿಡುವ ಖಾತೆಯ ಸಂಖ್ಯೆ) ಬೇಕು. ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸುತ್ತೇನೆ ಅನ್ನುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ. ನನ್ನ ಚಿಕ್ಕಮ್ಮನ ಮಗ ಹೋಗಿ ದುಡ್ಡು ಕಳೆದುಕೊಂಡಿದ್ದಾನೆ.

ಹುಡುಗಿಗೆ ನಾನು ಹೇಳಿದ್ದು ಇಷ್ಟು: ಬಿ.ಎ.ಯನ್ನು ಮೈಸೂರಿನಲ್ಲಿ, ಕನ್ನಡದಲ್ಲಿ ಮಾಡು. ಜೊತೆಗೆ ದಿನಕ್ಕೆ ಎರಡು ಪುಟ ಇಂಗ್ಲಿಷ್ ಓದುತ್ತಿರು. ಎಂ.ಎ. ಬೇಕು ಅನ್ನಿಸಿದಾಗ ಇಗ್ನೋ ನೋಡೋಣ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತು, "ಅಕ್ಕ, ಹಳಗನ್ನಡಕ್ಕೆ ಏನು ಮಾಡಲಿ?" ಅಂದಳು. ಮೇಷ್ಟ್ರು ಈಗಿಲ್ಲ. ಅವರ ಮನೆಯಲ್ಲಿ ಕೂತು ನಾನು ಪ್ರಸ್ತಾರ ಹಾಕಿದ ನೋಟ್‌ಬುಕ್ ಅಟ್ಟದ ಮೇಲೆ ಎಲ್ಲೋ ಇದೆ. ಮುಂದಿನ ಭಾನುವಾರ ಹುಡುಕಿ ಇಡುತ್ತೇನೆ, ಬಾ, ಇಬ್ಬರೂ ಬಾಯಿ ಬಿಟ್ಟು ಓದೋಣ ಅಂದಿದ್ದೇನೆ.