ಹಳದಿ ಪೆಡಲ್ ಚೆನ್ನಾಗಿದೆ, ಅದಕ್ಕೆ ಕರೆಂಟ್ ಕೊಡೋದೇ ತಲೆನೋವು

ಬಾಸ್ ಎಸ್‌ಡಿ-1 ಸೂಪರ್ ಓವರ್‌ಡ್ರೈವ್ ಹೇಗೆ ಕೇಳಿಸುತ್ತದೆ ಅಂತ ತಿಳಿಯಬೇಕಾದರೆ ವಿಡಿಯೋಗಳು ಬೇಕಾದಷ್ಟಿವೆ. 1981ರಿಂದ ಬರುತ್ತಿರುವ ಪೆಡಲ್ ಅದು: ಕಾಲಲ್ಲಿ ಒತ್ತಿದರೆ ಗಿಟಾರಿನ ಸ್ವರವನ್ನ ಒಡೆದು ಒರಟು ಮಾಡುವ, ಬಾಸ್ ಕಂಪನಿಯ ಹಳದಿ ಡಬ್ಬಿ. ಆದರೆ ಅದಕ್ಕೆ ಕರೆಂಟ್ ಎಲ್ಲಿಂದ ಕೊಡಬೇಕು ಅನ್ನೋದನ್ನ ಆ ವಿಡಿಯೋಗಳಲ್ಲಿ ಯಾರೂ ಹೇಳಲ್ಲ. ಕೆಲವು ವರ್ಷ ಬಳಸಿದ ಮೇಲೆ ನನ್ನ ಹತ್ತಿರ ಹೇಳೋಕೆ ಇರೋದು ಜಾಸ್ತಿ ಅದೇ.

ನಾನು ತುಮಕೂರು ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆ. ಹಗಲು ಬೇರೆ ಕೆಲಸ. ಪೆಡಲಿಗೆ ಹಾಕುವ ದುಡ್ಡು ಪ್ರೋಗ್ರಾಂ ಪೇಮೆಂಟಿನಿಂದಲೇ ಬರಬೇಕು, ಮನೆಯಲ್ಲಿ ಹಾಗೆ ಮಾತಾಗಿದೆ. ಐಬನೇಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಮೇಲೆ ಕಣ್ಣಿತ್ತು, ಅದೂ ಇಂಥದ್ದೇ ಪೆಡಲ್. ಬೆಲೆ ನೋಡಿ ಹಳದಿಗೆ ಬಂದೆ, ಅದೂ ಸೆಕೆಂಡ್ ಹ್ಯಾಂಡ್. ಎರಡರ ಸರ್ಕ್ಯೂಟೂ ಹೆಚ್ಚೂಕಡಿಮೆ ಒಂದೇ ಜಾತಿ. ಸಿಗ್ನಲ್ಲಿನ ತುದಿ ಕತ್ತರಿಸಿ ಸ್ವರ ಒಡೆಯೋದು ಡಯೋಡ್ ಅನ್ನೋ ಸಣ್ಣ ಬಿಡಿಭಾಗ. ಹಸಿರಿನಲ್ಲಿ ಸಿಗ್ನಲ್ಲಿನ ಮೇಲರ್ಧಕ್ಕೆ ಒಂದು ಡಯೋಡ್, ಕೆಳಗಿನ ಅರ್ಧಕ್ಕೆ ಒಂದು. ಹಳದಿಯಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಹಾಗಾಗಿ ಎರಡು ಕಡೆಯೂ ಒಂದೇ ಥರ ಒಡೆಯಲ್ಲ, ಸ್ವರ ಸ್ವಲ್ಪ ಒರಟು. ನನಗೆ ಆ ಒರಟೇ ಇಷ್ಟ.

ಮನೆಯಲ್ಲಿ ಒಬ್ಬನೇ ನುಡಿಸುವಾಗ ತೆಳು ಅನ್ನಿಸುತ್ತದೆ ನಿಜ, ಬೇಸ್ ಕಮ್ಮಿ. ಸ್ಟೇಜಿನಲ್ಲಿ ಅದೇ ಉಪಕಾರ. ಕೀಬೋರ್ಡಿನವರ ಎಡಗೈ, ರಿದಂ ಪ್ಯಾಡ್, ಢೋಲಕ್ ಸೇರಿ ಕೆಳಗಿನ ಜಾಗವೆಲ್ಲ ಆಗಲೇ ಭರ್ತಿ. ಈ ಪೆಡಲ್ ಮಿಡ್ ಅಂದರೆ ನಡುವಿನ ಭಾಗ ಎತ್ತಿ ಹಿಡಿಯುತ್ತದೆ. ಬಿಜಿಎಂ ಬಂದಾಗ ಗಿಟಾರ್ ಕೇಳಿಸುತ್ತದೆ. ಚರಣಕ್ಕೆ ಬಂದಾಗ ಪೆಡಲ್ ಆಫ್ ಮಾಡೋದೂ ಬೇಡ, ಗಿಟಾರಿನ ವಾಲ್ಯೂಮ್ ಇಳಿಸಿದರೆ ಸಾಕು, ಸ್ವರ ತಿಳಿಯಾಗುತ್ತದೆ.

ಈಗ ಕರೆಂಟಿನ ವಿಷಯ. ಪೆಡಲುಗಳನ್ನ ಜೋಡಿಸಿಟ್ಟ ನನ್ನ ಬೋರ್ಡಿನಲ್ಲಿ ಶ್ರುತಿ ನೋಡುವ ಟ್ಯೂನರ್, ಎಸ್‌ಡಿ-1, ಸ್ವರ ದಪ್ಪ ಮಾಡುವ ಕೋರಸ್, ಪ್ರತಿಧ್ವನಿ ಕೊಡುವ ಡಿಜಿಟಲ್ ಡಿಲೇ. ಎಲ್ಲಕ್ಕೂ ಒಂದೇ ಅಡಾಪ್ಟರ್, ಅದರಿಂದ ಕವಲೊಡೆದ ವೈರು. ಡೇಸಿ ಚೈನ್ ಅಂತಾರಲ್ಲ, ಅದು. ಕಂಪನಿ ಹೆಸರು ಬೇಡ ಬಿಡಿ. ಡಿಲೇ ಸೇರಿಸಿದ ದಿನದಿಂದ ಕೀಂ ಅಂತ ಒಂದು ಸಣ್ಣ ಶಬ್ದ. ಓವರ್‌ಡ್ರೈವ್ ಒತ್ತಿದರೆ ಅದು ದೊಡ್ಡದು. ಮಾರಿದವರನ್ನ ಕೇಳಿದರೆ 'ಗಿಟಾರ್ ವೈರಿಂಗ್ ನೋಡಿಸಿ' ಅಂದರು. ಗಿಟಾರಿನದಲ್ಲ ಅದು. ಗಿಟಾರಿನ ತಂತಿಯ ಸದ್ದು ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ ವೈರಿಂಗಿನಿಂದ ಹಿಡಿಯುವ ಗುಂಯ್ ಆದರೆ ಮೈ ತಿರುಗಿಸಿ ನಿಂತಾಗ ಹೆಚ್ಚು ಕಮ್ಮಿ ಆಗುತ್ತದೆ. ಈ ಕೀಂ ಎತ್ತ ತಿರುಗಿದರೂ ಹಾಗೇ ಇತ್ತು.

ಡಿಜಿಟಲ್ ಪೆಡಲಿನ ಒಳಗೆ ಚಿಪ್ಪಿಗೆ ತಾಳ ಹಾಕುವ ಕ್ಲಾಕ್ ಸರ್ಕ್ಯೂಟ್ ಓಡುತ್ತಿರುತ್ತದೆ. ಅದರ ಗದ್ದಲ ಪವರ್ ವೈರಿಗೆ ಸೋರುತ್ತದೆ. ಅದೇ ವೈರನ್ನ ಹಂಚಿಕೊಂಡ ಓವರ್‌ಡ್ರೈವ್ ಆ ಗದ್ದಲವನ್ನೂ ಗಿಟಾರಿನ ಜೊತೆ ದೊಡ್ಡದು ಮಾಡಿ ಕಳಿಸುತ್ತದೆ. ಇದಕ್ಕೆ ಸರಿಯಾದ ಮದ್ದು ಐಸೊಲೇಟೆಡ್ ಪವರ್ ಸಪ್ಲೈ, ಒಂದೊಂದು ಪೆಡಲಿಗೂ ಬೇರೆ ಬೇರೆ ಔಟ್‌ಪುಟ್. ಒಳ್ಳೆಯದಕ್ಕೆ ನನ್ನ ಪೆಡಲಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು. ಹಬ್ಬದ ಸೀಸನ್ ಬರುತ್ತೆ, ಹೋಗುತ್ತೆ, ನಾನಿನ್ನೂ ತಗೊಂಡಿಲ್ಲ.

ಅದರ ಬದಲು ಎಸ್‌ಡಿ-1ಕ್ಕೆ ಮಾತ್ರ 9 ವೋಲ್ಟ್ ಬ್ಯಾಟರಿ ಹಾಕಿದೆ. ಮಲ್ಟಿಮೀಟರಿಗೆ, ಕಾರ್ಡ್‌ಲೆಸ್ ಮೈಕಿಗೆ ಹಾಕ್ತಾರಲ್ಲ, ಅದೇ ಚೌಕ ಬ್ಯಾಟರಿ. ಕೀಂ ನಿಂತೇ ಹೋಯಿತು. ಮೂಲೆ ಅಂಗಡಿಯಲ್ಲೂ ಸಿಗುವ ಸಾಮಾನಿನಿಂದ!

ಅಲ್ಲಿಂದ ನನಗೂ ಈ ಪೆಡಲಿಗೂ ಒಂದು ಬಾಂಧವ್ಯ ಬೆಳೆಯಿತು. ಪ್ರೋಗ್ರಾಂ ದಿನ ಮಧ್ಯಾಹ್ನ ಕೂತು, ಕಾಲಿಡುವ ಪಟ್ಟಿಯ ಮುಂದಿನ ಸ್ಕ್ರೂ ಬಿಚ್ಚುತ್ತೇನೆ. ಸ್ಕ್ರೂಡ್ರೈವರ್ ಬೇಡ, ಬೆರಳು ಸಾಕು. ಪಟ್ಟಿ ಎತ್ತಿದರೆ ಕೆಳಗೆ ಸ್ಪ್ರಿಂಗು, ಪಕ್ಕದಲ್ಲಿ ಬ್ಯಾಟರಿ ಗೂಡು. ಬ್ಯಾಟರಿ ಮೇಲೆ ಟೇಪ್ ಅಂಟಿಸಿ ಅದನ್ನ ಹಾಕಿದ ಊರಿನ ಹೆಸರು ಬರೆಯುವುದು ನನ್ನ ಅಭ್ಯಾಸ: ತಿಪಟೂರು, ಕುಣಿಗಲ್. ಯಾವುದು ಎಷ್ಟು ಬಾಳಿತು ಗೊತ್ತಾಗುತ್ತದೆ ಅಲ್ವಾ. ಈ ಪೆಡಲ್ ಎಳೆಯೋದು ಕೆಲವೇ ಮಿಲಿಆಂಪ್, ಹಾಗಾಗಿ ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಒಂದೇ ನಿಯಮ: ನುಡಿಸಿ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕೀಳಬೇಕು. ಕಾಲಲ್ಲಿ ಒತ್ತಿ ಎಫೆಕ್ಟ್ ಆಫ್ ಮಾಡಿದರೆ ಸಾಲದು. ಕೇಬಲ್ ಸಿಕ್ಕಿಸಿದ ತನಕ ಪೆಡಲ್ ಎಚ್ಚರವಾಗಿಯೇ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಕೆಂಪು ಲೈಟ್ ಮಂಕಾಯಿತು ಅಂದರೆ ಬದಲಿಸುವ ಹೊತ್ತು. ಜನರೇಟರ್ ಕರೆಂಟಿನಲ್ಲಿ ಸೀರಿಯಲ್ ಸೆಟ್ಟೂ ನಮ್ಮ ಸ್ಟೇಜೂ ಒಟ್ಟಿಗೆ ನಡೆಯುವ ಹಳ್ಳಿಗಳಲ್ಲಿ ಇದು ಇನ್ನೂ ಆರಾಮ. ಡಿಲೇಗೆ ಈ ಉಪಾಯ ಮಾಡಬೇಡಿ, ಅದು ಬ್ಯಾಟರಿಯನ್ನ ಬೇಗ ತಿಂದು ಮುಗಿಸುತ್ತದೆ.

ಅಡಾಪ್ಟರೇ ಬೇಕು ಅನ್ನುವವರಿಗೆ ಒಂದು ಮಾತು. ಪೆಡಲಿಗೆ ಬೇಕಾದದ್ದು ನಡುವಿನ ಪಿನ್ ಮೈನಸ್ ಇರುವ 9 ವೋಲ್ಟ್. ರೂಟರಿನದೋ ಕೀಬೋರ್ಡಿನದೋ ಪಿನ್ ಹಿಡಿಸಿತು ಅಂತ ಸುಮ್ನೆ ಚುಚ್ಚಬೇಡಿ, ತುಂಬ ಕಡೆ ನಡುವಿನದು ಪ್ಲಸ್ ಇರುತ್ತದೆ.

ಇನ್ನೊಂದು ಸಂಗತಿ, ಇದು ಪೆಡಲಿನ ತಪ್ಪಲ್ಲ. ನಮ್ಮ ಕಡೆ ಸ್ಟೇಜಿನಲ್ಲಿ ಗಿಟಾರ್ ಆಂಪ್ ಇರಲ್ಲ. ಸೌಂಡಿನವರು ನೇರ ಮಿಕ್ಸರಿಗೆ ಕೇಬಲ್ ಕೊಡ್ತಾರೆ. ಹಾಗೆ ಯಾವ ಓವರ್‌ಡ್ರೈವ್ ಹಾಕಿದರೂ ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ ಕೇಳಿಸುತ್ತದೆ. ಗಿಟಾರ್ ಆಂಪಿನ 12 ಇಂಚು ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನಿಂದ ಮೇಲಿನದನ್ನ ತಾನೇ ನುಂಗಿಬಿಡುತ್ತದೆ. ಪಿಎ, ಅಂದರೆ ಜನರಿಗೆ ಕೇಳಿಸಲು ಇಡುವ ದೊಡ್ಡ ಸ್ಪೀಕರಿನ ಹಾರ್ನ್ ನುಂಗಲ್ಲ, ಇರೋದನ್ನೆಲ್ಲ ಜನರ ಮೇಲೆ ಎಸೆಯುತ್ತದೆ. ನಾನು ಕೊನೆಗೊಂದು ಸಣ್ಣ ಕ್ಯಾಬ್ ಸಿಮ್ಯುಲೇಟರ್ ಸೇರಿಸಿದೆ, ಗಿಟಾರ್ ಆಂಪಿನ ಸ್ಪೀಕರ್ ಮಾಡುವ ಕೆಲಸವನ್ನ ಅನುಕರಿಸುವ ಪೆಡಲ್ ಅದು. ಬರೀ ಇಂಥ ಪ್ರೋಗ್ರಾಂಗೇ ಹೋಗುವವರು, ಒಂದೇ ಸಲ ದುಡ್ಡು ಹಾಕಬೇಕು ಅನ್ನುವವರು, ಮಲ್ಟಿ ಎಫೆಕ್ಟ್ ತಗೊಳ್ಳೋದೇ ವಾಸಿ. ಅದರಲ್ಲಿ ಇದೆಲ್ಲ ಸೇರಿರುತ್ತದೆ. ನನಗೆ ಕತ್ತಲಲ್ಲಿ ಬಗ್ಗಿ ಮೆನು ಹುಡುಕೋಕೆ ಇಷ್ಟವಿಲ್ಲ, ಅಷ್ಟೇ.

ಹಳೆಯದು ಕೊಳ್ಳುವುದಾದರೆ ಮೊದಲು ಬ್ಯಾಟರಿ ಗೂಡು ತೆಗೆಸಿ ನೋಡಿ. ಕ್ಲಿಪ್ಪಿಗೆ ತುಕ್ಕು ಹಿಡಿದಿದೆಯಾ, ವೈರು ಕಿತ್ತಿದೆಯಾ. ನಾಬ್ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡಿ, ಸಾಮಾನ್ಯವಾಗಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ತುಂಬ ಹಳೆಯ ಪೀಸಿನ ಮೇಲೆ ಅಡಾಪ್ಟರ್ ಹೆಸರು ಪಿಎಸ್‌ಎ ಬದಲು ಎಸಿಎ ಅಂತ ಇರಬಹುದು. ಅಂಥದ್ದು ಈಗಿನ ರೆಗ್ಯುಲೇಟೆಡ್ ಅಡಾಪ್ಟರಿನಲ್ಲಿ ಒಂಟಿಯಾಗಿ ಸರಿಯಾಗಿ ನಡೆಯಲ್ಲ, ಲೈಟೂ ಮಂಕು. ಬ್ಯಾಟರಿ ಹಾಕುವವರಿಗೆ ಅದರಿಂದ ಏನೂ ತೊಂದರೆ ಇಲ್ಲ. ಮಾರುವವರಿಗೆ ಅಡಾಪ್ಟರಿನ ಮಾತು ಮಾತ್ರ ಹೇಳಿ ರೇಟ್ ಇಳಿಸಿ.