ಟಿಂಕರ್‌ಟಾಯ್ ಡಬ್ಬಿ ಮತ್ತು ಲಿಂಕನ್ ಲಾಗ್ಸ್ ಪೆಟ್ಟಿಗೆ

ಕಳೆದ ಜುಲೈಯಲ್ಲಿ 35 ಡಾಲರ್ ಕೊಟ್ಟು ತಂದ ಹಳೆಯ ಟಿಂಕರ್‌ಟಾಯ್ ಡಬ್ಬಿಯ ಜೊತೆ ಹೆಣಗಾಡದೆ ಇದ್ದಿದ್ದರೆ, ಅದೇ ಬೇಸಿಗೆಯಲ್ಲಿ 20 ಡಾಲರಿಗೆ ಸಿಕ್ಕಿದ ಲಿಂಕನ್ ಲಾಗ್ಸ್ ಪೆಟ್ಟಿಗೆಯ ಹಿರಿಮೆ ನನಗೆ ತಿಳಿಯುತ್ತಲೇ ಇರಲಿಲ್ಲ. ಶಿಕಾಗೊ ಹೊರವಲಯದ ಮನೆಗಳಲ್ಲಿ ನಡೆಯುವ ಹಳೆಯ ಸಾಮಾನುಗಳ ಮಾರಾಟದಲ್ಲಿ ಈ ಎರಡು ಮರದ ಆಟಿಕೆಗಳು (ಬಿಲ್ಲೆಗೆ ಕಡ್ಡಿ ಸಿಕ್ಕಿಸಿ ಕಟ್ಟುವ ಟಿಂಕರ್‌ಟಾಯ್, ಕಚ್ಚು ಕೊರೆದ ಪುಟ್ಟ ದಿಮ್ಮಿಗಳಿಂದ ಮನೆ ಕಟ್ಟುವ ಲಿಂಕನ್ ಲಾಗ್ಸ್) ಪದೇ ಪದೇ ಕಣ್ಣಿಗೆ ಬೀಳುವುದು ಸಹಜವೇ, ಏಕೆಂದರೆ ಎರಡೂ ಈ ಸೀಮೆಯವು. ಟಿಂಕರ್‌ಟಾಯನ್ನು 1914ರ ಸುಮಾರಿಗೆ ರೂಪಿಸಿದ ಚಾರ್ಲ್ಸ್ ಪಜೋ ಪಕ್ಕದ ಇವಾನ್‌ಸ್ಟನ್ನಿನಲ್ಲಿ ಕಲ್ಲುಕೆಲಸ ಮಾಡುತ್ತಿದ್ದವರು. ಲಿಂಕನ್ ಲಾಗ್ಸ್ ಮಾತ್ರ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಅವರ ಮಗ ಜಾನ್ ಲಾಯ್ಡ್ ರೈಟ್ ಅವರ ಕಲ್ಪನೆ.

ಟಿಂಕರ್‌ಟಾಯ್‌ನ ಜೀವವಿರುವುದು ಅದರ ಬಿಗಿತದಲ್ಲಿ. ಅಂಚಿನ ಸುತ್ತ ಎಂಟು ತೂತುಗಳಿರುವ ಮರದ ಬಿಲ್ಲೆಗೆ, ತುದಿಯಲ್ಲಿ ಸೀಳು ಬಿಟ್ಟ ಕಡ್ಡಿಯನ್ನು ಒತ್ತಿದರೆ ಸೀಳು ಸ್ವಲ್ಪ ಮುಚ್ಚಿಕೊಂಡು ಕಡ್ಡಿ ಕಚ್ಚಿ ನಿಲ್ಲುತ್ತದೆ. ಹೊಸದರಲ್ಲಿ ಇದು ಸೊಗಸಾದ ಏರ್ಪಾಡು, ಆದರೆ ದಶಕಗಳು ಕಳೆದ ಮೇಲೆ ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಮರವು ತೇವವನ್ನು ಹೀರಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅದೂ ಎಲ್ಲ ಕಡೆಗೆ ಸಮನಾಗಿ ಉಬ್ಬದ ಕಾರಣ ದುಂಡಗಿದ್ದ ಕಡ್ಡಿ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಜುಲೈಯ ಸೆಕೆಯಲ್ಲಿ ನಾನು ಜೋಡಿಸಿದ ಹದಿನಾಲ್ಕು ಕಡ್ಡಿಗಳು ಹೊರಬರಲೇ ಇಲ್ಲ. ಬಲವಂತ ಮಾಡಿದ ಎರಡು ಕಡ್ಡಿಗಳ ಸೀಳಿದ ತುದಿಗಳು ಮುರಿದು ತೂತಿನೊಳಗೇ ಉಳಿದವು.

ಜನವರಿಯಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸಿದಾಗ ಅವೇ ಕಡ್ಡಿಗಳು ಮುಟ್ಟಿದರೆ ಬೀಳುವಷ್ಟು ಸಡಿಲವಾದವು. ಗುದ್ದಲಿಯ ಕಾವು ಅಲುಗಾಡಿದಾಗ ರಾತ್ರಿಯೆಲ್ಲ ನೀರಿನಲ್ಲಿಟ್ಟು ಬಿಗಿ ಮಾಡುವ ನಮ್ಮ ಊರಿನವರಿಗೆ ಈ ಮೋಸ ಗೊತ್ತು: ಬಿಗಿಯಾದ ತೂತಿನೊಳಗೆ ಉಬ್ಬಲು ಜಾಗ ಸಿಗದ ಮರದ ಎಳೆಗಳು ತಮ್ಮನ್ನು ತಾವೇ ನಜ್ಜುಗುಜ್ಜು ಮಾಡಿಕೊಳ್ಳುತ್ತವೆ, ಆದ್ದರಿಂದ ಒಣಗಿದಾಗ ಮೊದಲಿಗಿಂತಲೂ ಸಣ್ಣಗಾಗುತ್ತವೆ. ಉಜ್ಜುಕಾಗದದಿಂದ ಕಡ್ಡಿಯನ್ನು ಸವೆಸುವುದು ಬೇಸಿಗೆಗೆ ಉಪಾಯ, ಆದರೆ ಚಳಿಗಾಲಕ್ಕೆ ಅದು ಅಪಾಯ. ಸಂಗ್ರಹದ ವಸ್ತುವಿನ ಮೇಲ್ಮೈಯನ್ನು ಸವೆಸುವುದಂತೂ ನನಗೆ ಒಪ್ಪುವ ಕೆಲಸವಲ್ಲ. ಅಂಟಿನ ಮಾತನ್ನಂತೂ ಎತ್ತಲೇಬಾರದು.

ಲಿಂಕನ್ ಲಾಗ್ಸ್‌ಗೆ ಈ ಗೋಜಿಲ್ಲ. ಮುಕ್ಕಾಲು ಇಂಚು ದಪ್ಪದ ದಿಮ್ಮಿಗಳು ಕಚ್ಚಿನ ಮೇಲೆ ಕಚ್ಚು ಕೂತು ತಮ್ಮ ಭಾರದಿಂದಲೇ ನಿಲ್ಲುತ್ತವೆ, ಹಾಗಾಗಿ ಮಳೆ, ಚಳಿ ಯಾವ ಕಾಲದಲ್ಲೂ ಗೋಡೆ ಏಳುತ್ತದೆ. ನನ್ನ ಪೆಟ್ಟಿಗೆ ನೆಲಮಾಳಿಗೆಯ ಮುಗ್ಗಲು ವಾಸನೆ ಹೊತ್ತು ಬಂದಿತ್ತು. ಒಣ ಬ್ರಷ್ಷಿನಿಂದ ಧೂಳು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಹರಡಿದ್ದೇ ಅದಕ್ಕೆ ಚಿಕಿತ್ಸೆಯಾಯಿತು. ನೀರಿನಲ್ಲಿ ತೊಳೆದರೆ ಕಂದು ಬಣ್ಣವೂ ಹೋಗುತ್ತದೆ, ದಿಮ್ಮಿಯೂ ಬಾಗುತ್ತದೆ. ಚಾವಣಿಯ ಹಸಿರು ಪಟ್ಟಿಗಳು ಮೂರು ಕಡಿಮೆಯಿದ್ದವು.

ಅಂದಕ್ಕೆ ಬಂದರೆ ಟಿಂಕರ್‌ಟಾಯ್‌ನ ಉರುಟು ಡಬ್ಬಿಯೇ ಮೇಲು.

ಅಮೆರಿಕದಲ್ಲಿ ಆಟಿಕೆಯ ಬಣ್ಣದಲ್ಲಿ ಸೀಸಕ್ಕೆ ಬಿಗಿ ನಿರ್ಬಂಧ ಬಂದದ್ದು 1978ರಲ್ಲಾದ್ದರಿಂದ, ಅದಕ್ಕಿಂತ ಹಿಂದಿನ ಬಣ್ಣ ಬಳಿದ ತುಂಡುಗಳನ್ನು, ಅವು ಎರಡರಲ್ಲಿ ಯಾವುದರದ್ದಾಗಿದ್ದರೂ, ಬಾಯಿಗಿಡುವ ವಯಸ್ಸಿನ ಮಕ್ಕಳಿಗೆ ನಾನು ಕೊಡುವುದಿಲ್ಲ.

ಗಾಜಿನ ಕಪಾಟಿನಲ್ಲಿ ತೇವವನ್ನು ಅಳೆಯುತ್ತ ಕೂರುವ ಸಂಗ್ರಾಹಕರಿಗೆ ಟಿಂಕರ್‌ಟಾಯ್ ಹಿಡಿಸಬಹುದು. ನನ್ನದು ಬಾಡಿಗೆ ಮನೆ, ಒಂದು ಆಟಿಕೆಗೆ 40 ಡಾಲರ್ ದಾಟಬಾರದೆಂಬ ನಿಯಮ, ಭಾನುವಾರ ಬಂದ ನೆಂಟರ ಮಕ್ಕಳು ಪೆಟ್ಟಿಗೆ ಬಿಚ್ಚಿ ನೆಲದ ಮೇಲೆ ಸುರಿದು ಆಡುವ ರೂಢಿ. ಹೀಗಿರುವವನಿಗೆ ಲಿಂಕನ್ ಲಾಗ್ಸ್ ಸಾಕು. ಇನ್ನೊಂದು ಪೆಟ್ಟಿಗೆ ಸಿಕ್ಕಿದರೆ ಆ ಮೂರು ಹಸಿರು ಪಟ್ಟಿಗಳಿಗಾಗಿಯಾದರೂ ಕೊಳ್ಳುತ್ತೇನೆ.